ಬಟ್ಟೆಯ ಬೆಕ್ಕಿಗೆ ಸ್ವಭಾವ ತುಂಬುವುದು

ಪ್ರಶ್ನೆ: ಒಂದೇ ನಮೂನೆಯಿಂದ ಬಟ್ಟೆಯ ಬೆಕ್ಕುಗಳನ್ನು ಹೊಲಿಯುತ್ತೇನೆ. ಬಣ್ಣ, ಅಂಗಿ, ಕೊರಳಪಟ್ಟಿ ಬದಲಿಸಿದರೂ ಸಾಲಾಗಿ ಕೂರಿಸಿದಾಗ ಎಲ್ಲವೂ ಒಂದೇ ಬೆಕ್ಕಿನಂತೆ ಕಾಣುತ್ತವೆ. ಒಂದೊಂದಕ್ಕೂ ಅದರದೇ ಸ್ವಭಾವ ಬರುವಂತೆ ಮಾಡುವುದು ಹೇಗೆ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಅಂಗಿಯ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಕಣ್ಣು ಮತ್ತು ಕಿವಿ ಎಲ್ಲ ಬೊಂಬೆಗಳಲ್ಲೂ ಒಂದೇ ಜಾಗದಲ್ಲಿದ್ದರೆ, ಗುಳೇದಗುಡ್ಡದ ಖಣದ ಕುಪ್ಪಸ ತೊಡಿಸಿದರೂ ಅದು ವೇಷ ಬದಲಿಸಿದ ಅದೇ ಬೆಕ್ಕು. ತಲೆಗೆ ಹತ್ತಿ ತುಂಬಿದ ಮೇಲೆ, ಕಣ್ಣು ಹೊಲಿಯುವ ಮೊದಲು, ಕಪ್ಪು ತಲೆಯ ಎರಡು ಗುಂಡುಸೂಜಿಗಳನ್ನು ಮುಖಕ್ಕೆ ಚುಚ್ಚಿ, ಕೈ ಚಾಚಿ ದೂರ ಹಿಡಿದು ನೋಡಿ. ಸೂಜಿಗಳು ಮುಖದ ನಡುಮಟ್ಟಕ್ಕಿಂತ ಕೆಳಗೆ, ಒಂದರಿಂದೊಂದು ದೂರವಿದ್ದರೆ ಮರಿಯ ಮುಖ ಮೂಡುತ್ತದೆ. ಅವನ್ನೇ ಅರ್ಧ ಸೆಂಟಿಮೀಟರ್ ಮೇಲಕ್ಕೆ, ಸ್ವಲ್ಪ ಹತ್ತಿರಕ್ಕೆ ಸರಿಸಿದರೆ ಆ ಮುಖಕ್ಕೆ ವಯಸ್ಸಾಗುತ್ತದೆ, ತುಸು ಅನುಮಾನವೂ ಸೇರಿಕೊಳ್ಳುತ್ತದೆ. ಕಣ್ಣಿನ ಮೇಲರ್ಧವನ್ನು ಮೈಬಟ್ಟೆಯದೇ ರೆಪ್ಪೆಯಿಂದ ಮುಚ್ಚಿದರೆ ಊಟ ಮುಗಿಸಿ ಬಿಸಿಲಿಗೆ ಕುಳಿತ ಬೆಕ್ಕು ಸಿದ್ಧ.

ಕಣ್ಣಿನೊಳಗಿನ ಕಪ್ಪನ್ನು ನೇರ ಗೆರೆಯಾಗಿ ಹೊಲಿದರೆ ಅದು ಬೆಳಕಿನಲ್ಲಿರುವ ಬೆಕ್ಕು. ದುಂಡಗೆ ಅಗಲವಾಗಿಸಿದರೆ ಆಟಕ್ಕೆ ಹಾರಲು ಹೊಂಚುವ ಬೆಕ್ಕೂ ಆಗಬಹುದು, ಬೆದರಿದ ಬೆಕ್ಕೂ ಆಗಬಹುದು. ಯಾವುದೆಂದು ಹೇಳುವುದು ಕಿವಿ. ಮುಂದಕ್ಕೆ ನಿಮಿರಿದ್ದರೆ ಕುತೂಹಲ, ಪಕ್ಕಕ್ಕೆ ಚಪ್ಪಟೆಯಾಗಿದ್ದರೆ ಭಯ ಅಥವಾ ಸಿಟ್ಟು. ಆದ್ದರಿಂದ ಕಿವಿಗಳನ್ನು ತಲೆಯ ಹೊಲಿಗೆಯೊಳಗೆ ಸೇರಿಸಿ ಮೆಷಿನ್ ಹೊಡೆಯಬೇಡಿ. ಬೇರೆಯಾಗಿ ಹೊಲಿದಿಟ್ಟು, ಕಣ್ಣಿನ ಜಾಗ ಗೊತ್ತಾದ ಮೇಲೆ ಕೈಹೊಲಿಗೆಯಲ್ಲಿ ಜೋಡಿಸಿ. ಬಾಲಕ್ಕೆ ತಂತಿ ಬೇಕಿಲ್ಲ, ಗಟ್ಟಿಯಾಗಿ ತುಂಬಿ ನೆಟ್ಟಗೆ ನಿಲ್ಲಿಸಿದರೆ ಸಾಕು, ಪರಿಚಯದವರನ್ನು ಎದುರುಗೊಳ್ಳುವ ಬೆಕ್ಕಾಗುತ್ತದೆ.

ಇದಕ್ಕೆಲ್ಲ ಮೊದಲು ಯಾವ ಬೆಕ್ಕು ಎಂಬುದು ತೀರ್ಮಾನವಾಗಿರಬೇಕು. 'ಮುದ್ದಾದ ಬೆಕ್ಕು' ಎಂದುಕೊಂಡು ಕುಳಿತರೆ ಮತ್ತೆ ಅದೇ ಮುಖ ಬರುತ್ತದೆ. ನಿಮ್ಮ ಬೀದಿಯ ಕಾಂಪೌಂಡಿನ ಮೇಲೆ ಮಲಗುವ, ಕರೆದರೂ ತಲೆ ತಿರುಗಿಸದ ಆ ಒಂದು ಬೆಕ್ಕನ್ನು ನೋಡಿ ಹೊಲಿಯಿರಿ. ಅಂದಹಾಗೆ, ಕಿತ್ತಳೆ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಕಪ್ಪು, ಕಿತ್ತಳೆ, ಬಿಳಿ ಮೂರೂ ಬಣ್ಣವಿರುವ ಬೆಕ್ಕು ಬಹುತೇಕ ಹೆಣ್ಣೇ ಆಗಿರುತ್ತದೆ. ಅಂಥ ಬೊಂಬೆಗೆ ಭೀಮ ಎಂದು ಹೆಸರಿಟ್ಟರೆ ಬೆಕ್ಕು ಸಾಕಿದವರು ನಗುತ್ತಾರೆ.

ಪ್ರಶ್ನೆ: ಬೊಂಬೆಯ ಮುಖ ಗಂಟುಗಂಟಾಗುತ್ತದೆ, ಕೆಲವೇ ದಿನಗಳಲ್ಲಿ ಕುತ್ತಿಗೆ ವಾಲುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಹತ್ತಿಯನ್ನು ಮುದ್ದೆಯಾಗಿ ತುರುಕದೆ, ಬಿಡಿಸಿ, ಚೂರು ಚೂರಾಗಿ ಮೂತಿಯಿಂದ ಹಿಂದಕ್ಕೆ ತುಂಬುತ್ತ ಬನ್ನಿ. ಕುತ್ತಿಗೆಯನ್ನು ಬೆರಳಿಗೆ ಕಲ್ಲಿನಷ್ಟು ಗಟ್ಟಿ ಎನಿಸುವವರೆಗೆ ತುಂಬಿ, ತಲೆಯನ್ನು ಜೋಡಿ ನೂಲಿನಲ್ಲಿ ಎರಡು ಸುತ್ತು ಹೊಲಿಯಿರಿ. ಹತ್ತಿಬಟ್ಟೆಯನ್ನು ಕತ್ತರಿಸುವ ಮೊದಲು ಒಮ್ಮೆ ಒಗೆದಿರಬೇಕು.

ಪ್ರಶ್ನೆ: ಈ ಬೊಂಬೆಗಳನ್ನು ಮಕ್ಕಳಿಗಾಗಿ ಮಾರಬೇಕೆಂದಿದ್ದೇನೆ. ಐಎಸ್‌ಐ ಗುರುತು ಬೇಕೇ?
– ಓದುಗರೊಬ್ಬರು, ಯಲಹಂಕ

ಉತ್ತರ: 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ನೀಡಲಾಗಿದೆ. ಮಾರಾಟಕ್ಕಿಳಿಯುವ ಮೊದಲೇ ಆ ನೋಂದಣಿ ಮಾಡಿಸಿಕೊಳ್ಳಿ. ವಿನಾಯಿತಿ ಇದೆಯೆಂದು ಎಚ್ಚರಿಕೆಯನ್ನು ಸಡಿಲಿಸುವಂತಿಲ್ಲ. ರಾಜಾ ಮಾರ್ಕೆಟ್ಟಿನ ಹೊಳೆಯುವ ಮಣಿಗಳು ಎಷ್ಟೇ ಚೆಂದವಿದ್ದರೂ, ಮೂರು ವರ್ಷದೊಳಗಿನ ಮಗುವಿನ ಕೈಗೆ ಹೋಗುವ ಬೊಂಬೆಗೆ ಅವನ್ನಾಗಲಿ ಗುಂಡಿಗಳನ್ನಾಗಲಿ ಕಣ್ಣಾಗಿ ಹೊಲಿಯಬೇಡಿ. ಕಿತ್ತುಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಕಣ್ಣು, ಮೂಗು ಎರಡನ್ನೂ ನೂಲಿನ ಕಸೂತಿಯಲ್ಲೇ ತುಂಬಿ. ಮೀಸೆಗೆ ನೈಲಾನ್ ಎಳೆ ಬೇಡ, ಕೆನ್ನೆಯ ಮೇಲೆ ಮೂರು ಉದ್ದ ಹೊಲಿಗೆ ಹಾಕಿದರೆ ಸಾಕಾಗುತ್ತದೆ.