ಮಗ್ಗಿ ಬರ್ದಿದ್ರೆ ಮೆದುಳು ಸ್ಲೋ ಅಂತಾನಾ?

ನಿಮ್ಮ ಪ್ರಶ್ನೆ ಇದು: ಮಗ ಐದನೇ ಕ್ಲಾಸು, ಮಗ್ಗಿ ಎಷ್ಟು ಉರು ಹೊಡೆಸಿದ್ರೂ ತಲೇಲಿ ನಿಲ್ಲಲ್ಲ, ಪಕ್ಕದ್ಮನೆ ಹುಡುಗಿ ಅಬಾಕಸ್ ಕ್ಲಾಸಿಗೆ ಹೋಗಿ ಪಟಪಟ ಅಂತ ಉತ್ತರ ಹೇಳ್ತಾಳೆ, ಹಾಗಾದ್ರೆ ಇವನ ಮೆದುಳೇ ಸ್ಲೋ ಇರ್ಬೋದಾ ಅಂತ. ನಾನು ಡಾಕ್ಟ್ರೂ ಅಲ್ಲ ಮೇಷ್ಟ್ರೂ ಅಲ್ಲ, ಈ ವಿಷಯ ಓದೋ ಹುಚ್ಚು ಇದೆ ಅಷ್ಟೆ.

ಲೆಕ್ಕದಲ್ಲಿ ಸ್ಪೀಡು ಅಂದ್ರೆ ನಮಗೆಲ್ಲ ನೆನಪಾಗೋದು ಶಕುಂತಲಾ ದೇವಿ. ಬೆಂಗಳೂರಲ್ಲೇ ಹುಟ್ಟಿದ್ದು, 1929ರಲ್ಲಿ, ಅಪ್ಪ ಸರ್ಕಸ್‌ನಲ್ಲಿದ್ದೋರು. 1980 ಜೂನ್ 18ಕ್ಕೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆ ಕೊಟ್ಟು ಗುಣಿಸಿ ಅಂದ್ರೆ 28 ಸೆಕೆಂಡಲ್ಲಿ ಉತ್ತರ ಹೇಳ್ಬಿಟ್ರು. ಇಷ್ಟು ಎಲ್ರಿಗೂ ಗೊತ್ತು. ಆಮೇಲಿಂದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 1988ರಲ್ಲಿ ಆರ್ಥರ್ ಜೆನ್ಸನ್ ಅನ್ನೋ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯ ಮನಶ್ಶಾಸ್ತ್ರ ಪ್ರೊಫೆಸರು ಇವ್ರನ್ನ ಕೂರಿಸ್ಕೊಂಡು ಟೆಸ್ಟ್ ಮಾಡಿದ್ರು. 61,629,875ರ ಘನಮೂಲ ಎಷ್ಟು (ಅಂದ್ರೆ ಯಾವ ಸಂಖ್ಯೆನ ಮೂರು ಸಲ ಇಟ್ಟು ಗುಣಿಸಿದ್ರೆ ಇದು ಬರುತ್ತೆ) ಅಂತ ಕೇಳಿದ್ರೆ, ಜೆನ್ಸನ್ ಆ ಸಂಖ್ಯೆನ ನೋಟ್‌ಬುಕ್ಕಿಗೆ ಬರ್ಕೊಂಡು ಮುಗಿಸೋಕ್ ಮುಂಚೆನೇ 395 ಅಂತ ಉತ್ತರ ಬಂತಂತೆ. ಆದ್ರೆ ಲೈಟ್ ಹತ್ತಿದ ತಕ್ಷಣ ಬಟನ್ ಒತ್ತೋದು, ಆ ಥರದ ಸಣ್ಣಸಣ್ಣ ಟೆಸ್ಟ್ ಇಟ್ಟಾಗ ಶಕುಂತಲಾ ದೇವಿ ಟೈಮಿಂಗು ಸಾಮಾನ್ಯ ಜನರ ಥರಾನೇ! ಅಂದ್ರೆ ಒಳಗಿರೋ ಇಂಜಿನ್ನೇ ಫಾಸ್ಟ್ ಅಂತ ನಾವ್ ಅನ್ಕೊಂಡಿದ್ವಲ್ಲ, ಅದು ಹಾಗಲ್ಲ. ಅವ್ರಿಗೆ ಸಂಖ್ಯೆಗಳು ಚಿಕ್ಕಂದಿನಿಂದ ಅಷ್ಟು ಪಳಗಿಬಿಟ್ಟಿದ್ವು.

ಪಳಗೋದು ಅಂದ್ರೆ ಏನು ಅಂತ ಒಂದು ಚೂರು ನೀವೇ ನೋಡಿ. 474,552 ಯಾವ್ದರ ಘನ? 1ರಿಂದ 9ರವರೆಗಿನ ಘನಗಳು 1, 8, 27, 64, 125, 216, 343, 512, 729, ಇವುಗಳ ಕೊನೇ ಅಂಕಿ ನೋಡಿ, ಒಂದೂ ರಿಪೀಟ್ ಆಗಲ್ಲ. ನಮ್ಮ ಸಂಖ್ಯೆ 2ರಲ್ಲಿ ಮುಗಿಯುತ್ತೆ, 2ರಲ್ಲಿ ಮುಗಿಯೋದು 512 ಒಂದೇ, ಅದು 8ರ ಘನ, ಸೋ ಉತ್ತರದ ಕೊನೆ 8. ಕಾಮಾಗೆ ಮುಂಚಿನ 474 ಬರೋದು 7ರ ಘನ 343ಕ್ಕೂ 8ರ ಘನ 512ಕ್ಕೂ ನಡುವೆ, ಸೋ ಮೊದಲ ಅಂಕಿ 7. ಉತ್ತರ 78. ಮುಗೀತು, ಗುಣಾಕಾರವೇ ಮಾಡ್ಲಿಲ್ಲ. (ಶಕುಂತಲಾ ದೇವಿ ಮಾಡ್ತಿದ್ದಿದ್ದು ಬರೀ ಇಂಥ ಟ್ರಿಕ್ಕು ಅಂತ ದಯವಿಟ್ಟು ಅನ್ಕೋಬೇಡಿ, 13 ಅಂಕಿ ಗುಣಾಕಾರಕ್ಕೆ ಇದು ಯಾವ್ದೂ ನಡೆಯಲ್ಲ.)

ಇನ್ನು ನಮ್ಮ ದೊಡ್ಡಪ್ಪ. ತಿಪಟೂರಲ್ಲಿ ಕೊಬ್ಬರಿ ಮಂಡಿ, ಓದಿದ್ದು ನಾಲ್ಕನೇ ಕ್ಲಾಸು. ಕ್ವಿಂಟಾಲ್‌ಗೆ 4,200 ರೇಟು, ಅಂದ್ರೆ ಕೆಜಿಗೆ 42, ತೂಕ 87 ಕೆಜಿ ಬಂತು ಅಂದ್ರೆ, "ಹದಿಮೂರು ಕೆಜಿ ಕಮ್ಮಿ, ಐನೂರ ನಲವತ್ತಾರು ತೆಗಿ, ಮೂರು ಸಾವಿರದ ಆರ್ನೂರ ಐವತ್ನಾಲ್ಕು" ಅನ್ನೋರು, ಎಲೆ ಅಡಿಕೆ ಜಗೀತಾನೇ. ನಾನು ಹೈಸ್ಕೂಲಲ್ಲಿದ್ದಾಗ ಚೇಷ್ಟೆಗೆ ಹಾಳೆ ಮೇಲೆ 42 × 87 ಅಂತ ಬರ್ದು ಮುಂದೆ ಇಟ್ಟೆ. ಕನ್ನಡಕ ಏರಿಸಿ ನೋಡಿ "ಇದೆಲ್ಲ ನಂಗ್ ಬರಲ್ಲ ಕಣೋ, ನಿಮ್ ಮೇಷ್ಟ್ರನ್ನ ಕೇಳು" ಅಂದ್ರು. ಅದೇ ಲೆಕ್ಕ ಸ್ವಾಮಿ! ಕೊಬ್ಬರಿ ತೆಗೆದಿದ್ದೆ ಅಷ್ಟೆ.

ಇದು ನಮ್ಮನೆ ಕತೆ ಮಾತ್ರ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಬ್ರೆಜಿಲ್‌ನ ರೆಸಿಫೆ ಊರಲ್ಲಿ ಬೀದೀಲಿ ವ್ಯಾಪಾರ ಮಾಡೋ ಮಕ್ಕಳ ಮೇಲೆ ಮಾಡಿದ ಒಂದು ಸ್ಟಡಿ 1985ರಲ್ಲಿ ಬಂತು. 35ರಂತೆ 10 ತೆಂಗಿನಕಾಯಿ ಎಷ್ಟು ಅಂದ್ರೆ ಅಲ್ಲೊಬ್ಬ 12 ವರ್ಷದ ಹುಡುಗ ಸೊನ್ನೆ ಸೇರಿಸ್ಲಿಲ್ಲ, ಮೂರಕ್ಕೆ 105, ಇನ್ನು ಮೂರಕ್ಕೆ 210, ಹಿಂಗೆ ಕೂಡಿಕೊಂಡು ಹೋಗಿ 350 ಅಂದ. ವ್ಯಾಪಾರ ಮಾಡ್ತಾ ಇದ್ದಾಗ ಆ ಮಕ್ಕಳು 98% ಸರಿ ಹೇಳಿದ್ರೆ, ಅದೇ ಥರದ ಲೆಕ್ಕ ಬರೀ ಅಂಕಿ ರೂಪದಲ್ಲಿ ಕೊಟ್ಟಾಗ 37%.

ಹಾಗಂತ ಬುದ್ಧಿವಂತಿಕೇಲಿ ಎಲ್ರೂ ಸಮಾನ ಅಂತ ನಾನು ಪುಂಗಿ ಊದಲ್ಲ. ಒಂದು ಥರದ ಟೆಸ್ಟಲ್ಲಿ ಚೆನ್ನಾಗಿ ಮಾಡೋರು ಬೇರೆ ಟೆಸ್ಟಲ್ಲೂ ಸ್ವಲ್ಪ ಮೇಲೇ ಇರ್ತಾರೆ ಅನ್ನೋದನ್ನ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ 1904ರಲ್ಲೇ ತೋರಿಸಿದಾರೆ, ಅದು ಮತ್ತೆ ಮತ್ತೆ ಸಾಬೀತಾಗಿದೆ. ಆದ್ರೆ ಅದನ್ನ ಮಗ್ಗೀಲಿ ಅಳೆಯೋಕೆ ಹೋಗ್ಬೇಡಿ. ಮಗ್ಗಿ ಬರೀ ನೆನಪಿನ ಕೆಲಸ.

ಇಷ್ಟು ಮಾಡಿ. ಹತ್ತರವರೆಗಿನ ಮಗ್ಗೀಲಿ 1, 2, 5, 10 ಸುಲಭ, ಅವನ್ನ ಬಿಡಿ. 7 × 8, 8 × 7 ಎರಡೂ ಒಂದೇ ಅಂತ ಹಿಡೀರಿ. ಉಳಿಯೋದು ನೂರಲ್ಲ, ಬರೀ 21. ಅವನ್ನ ಒಂದೊಂದೇ ಕೇಳಿ ಅವ್ನು ಎಲ್ಲಿ ಸಿಕ್ಕಾಕ್ಕೊಳ್ತಾನೆ ಗುರುತು ಹಾಕ್ಕೊಳ್ಳಿ, ನನ್ನ ಅಂದಾಜು ಏಳೋ ಎಂಟೋ ಇರುತ್ತೆ. ನಂಗಂತೂ ಏಳೆಂಟ್ಲ ಐವತ್ತಾರು ಅನ್ನೋಕೆ ಈಗ್ಲೂ ಏಳೇಳ್ಲ ನಲವತ್ತೊಂಬತ್ತರಿಂದ ಶುರು ಮಾಡ್ಬೇಕು.