ಓಡುವ ಮಗು, ಮಸುಕು ಫೋಟೋ

ಪ್ರಶ್ನೆ: ನನ್ನ ಮಗನಿಗೆ ಎರಡೂವರೆ ವರ್ಷ, ಕೂತಲ್ಲಿ ಕೂರುವುದಿಲ್ಲ. ಕುಂದಾಪುರದಿಂದ ಅತ್ತೆ ದಿನಾ ಫೋಟೋ ಕಳಿಸು ಅನ್ನುತ್ತಾರೆ, ನಾನು ತೆಗೆದದ್ದರಲ್ಲಿ ಮುಖವೇ ಇರುವುದಿಲ್ಲ, ಬರೀ ಮಸುಕು. ಹೆಸರು ಕೂಗಿದರೆ ಓಡಿಹೋಗುತ್ತಾನೆ, ಇಲ್ಲಾಂದ್ರೆ ಸುಮ್ನೆ ಹಲ್ಲು ಕಿರಿಯುತ್ತಾನೆ. ಮೂರನೇ ಮಹಡಿಯ ಒನ್ ಬಿಎಚ್‌ಕೆ, ಬೆಳಕೂ ಅಷ್ಟಕ್ಕಷ್ಟೇ. ನಮ್ಮನೆಯವರು ದೊಡ್ಡ ಕ್ಯಾಮೆರಾ ತಗೊಳ್ಳೋಣ ಅಂತಿದ್ದಾರೆ. ಬೇಕಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸದ್ಯಕ್ಕೆ ಬೇಡ, ದುಡ್ಡು ಇಟ್ಟುಕೊಳ್ಳಿ. ಮೊದಲು ಫೋನಿನ ಲೆನ್ಸ್ ಒರೆಸಿ. ಆ ವಯಸ್ಸಿನ ಮಗು ಇರುವ ಮನೆಯ ಫೋನಿನ ಮೇಲೆ ತುಪ್ಪ, ಬಿಸ್ಕತ್ತು, ಜೊಲ್ಲು ಎಲ್ಲಾ ಇರುತ್ತದೆ.

ಉಳಿದದ್ದು ಬೆಳಕಿನ ಕತೆ. ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಮಗ ಸೆಕೆಂಡಿಗೆ 2 ಮೀಟರ್ ಓಡುತ್ತಾನೆ ಅಂದುಕೊಳ್ಳಿ. ಮಬ್ಬು ಕೋಣೆಯಲ್ಲಿ ಬೆಳಕು ಸಾಲದೆ ಫೋನು 1/30 ಸೆಕೆಂಡ್ ಬೆಳಕು ಹಿಡಿಯುತ್ತಾ ಕೂತರೆ, ಅಷ್ಟರಲ್ಲಿ ಅವನು 6-7 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ, ಅದೇ 1/500 ಸೆಕೆಂಡಾದರೆ 4 ಮಿಲಿಮೀಟರ್ ಅಷ್ಟೇ. ನೈಟ್ ಮೋಡ್ ಇನ್ನೂ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ, ಓಡುವ ಮಗುವಿಗೆ ಅದನ್ನು ಆಫ್ ಮಾಡಿಬಿಡಿ. ಟ್ಯೂಬ್‌ಲೈಟ್ ಹಾಕಿದರೆ ಸಾಕಲ್ವಾ ಅಂತ ಕೇಳಬಹುದು. ಕಣ್ಣಿಗೆ ಢಾಳಾಗಿ ಕಂಡರೂ ಹಗಲಿನ ಕಿಟಕಿಯ ಮುಂದೆ ಅದು ಏನೂ ಅಲ್ಲ.

ಹಾಗಾಗಿ ಮಗುವಿನ ಹಿಂದೆ ಓಡಬೇಡಿ, ಬೆಳಕಿನ ಹತ್ತಿರ ಹೋಗಿ ಕೂತುಬಿಡಿ. ಕಿಟಕಿಯಿಂದ ಮೂರು-ನಾಲ್ಕು ಅಡಿ ಈಚೆಗೆ ನೆಲದ ಮೇಲೆ ನಾಲ್ಕು ಸ್ಟೀಲ್ ಡಬ್ಬಿ, ಒಂದು ಸೌಟು ಹರಡಿ. ಕಿಟಕಿಗೆ ತಾಗಿಸಿ ಕುರ್ಚಿ, ಮಂಚ ಮಾತ್ರ ಇಡಬೇಡಿ, ಗ್ರಿಲ್ ಇದ್ದರೂ ಬೇಡ, ಹತ್ತುವ ವಯಸ್ಸು. ಬಿಸಿಲು ನೇರವಾಗಿ ಬಿದ್ದರೆ ಆ ಗ್ರಿಲ್ಲಿನ ನೆರಳು ಮುಖದ ಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ, ತೆಳುವಾದ ಬಿಳಿ ಪಂಚೆಯೊಂದನ್ನು ಅಡ್ಡ ಕಟ್ಟಿ, ಬೆಳಕು ಹಾಲಿನ ಹಾಗೆ ಮೆತ್ತಗಾಗುತ್ತದೆ. ನೀವೂ ನೆಲಕ್ಕೆ ಕೂತು ಫೋನನ್ನು ಅವನ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ನಿಂತುಕೊಂಡು ಮೇಲಿಂದ ತೆಗೆದರೆ ನೆತ್ತಿ, ನೆಲದ ಟೈಲ್ಸು ಎರಡೇ ಚೆನ್ನಾಗಿ ಬರುವುದು!

"ಇಲ್ಲಿ ನೋಡು ಪುಟ್ಟಾ" ಅನ್ನುವುದನ್ನು ಬಿಡಿ, ಹಲ್ಲು ಕಿರಿಯುವುದು ಅದಕ್ಕೇ. "ಡಬ್ಬಿಯೊಳಗೆ ಏನಿದೆ?" ಅಂತ ಕೇಳಿ. ಬಗ್ಗಿ ನೋಡುತ್ತಾನೆ, ಆಮೇಲೆ ತಲೆಯೆತ್ತಿ ನಿಮ್ಮನ್ನು ನೋಡುತ್ತಾನೆ, ಆ ಮುಖ ಬೇಕು. ಅದಕ್ಕೆ ಬರ್ಸ್ಟ್ ಬಳಸಿ. ಈಚಿನ ಐಫೋನುಗಳಲ್ಲಿ ಶಟರ್ ಗುಂಡಿಯನ್ನು ಎಡಕ್ಕೆ ಎಳೆದು ಹಿಡಿದರೆ, ಸ್ಯಾಮ್‌ಸಂಗ್‌ನಲ್ಲಿ ಕೆಳಕ್ಕೆ ಎಳೆದು ಹಿಡಿದರೆ ಸಾಲಾಗಿ ಫೋಟೋ ಬರುತ್ತವೆ. ಇಪ್ಪತ್ತರಲ್ಲಿ ಒಂದು ಇಟ್ಟುಕೊಂಡು ಉಳಿದದ್ದು ಅವತ್ತೇ ಅಳಿಸಿ, ಇಲ್ಲಾಂದ್ರೆ ವಾರದಲ್ಲಿ ಫೋನು ತುಂಬುತ್ತದೆ.

ಸಂಜೆ ಸೊಸೈಟಿಯ ಉಯ್ಯಾಲೆಗೂ ಕರೆದುಕೊಂಡು ಹೋಗಿ. ಉಯ್ಯಾಲೆ ತುದಿಗೆ ಹೋಗಿ ಹಿಂದಿರುಗುವ ಮುಂಚೆ ಒಂದು ಕ್ಷಣ ನಿಲ್ಲುತ್ತದೆ ನೋಡಿ, ಆಗ ಒತ್ತಿ. ಓಡುವ ಮಗುವೂ ನಿಂತಂತೆ ಸಿಗುವ ಜಾಗ ಅದು. ಡಿಸೆಂಬರಿನಲ್ಲಿ ನಿಮ್ಮಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಐದಕ್ಕೇ ಕೆಳಗಿಳಿಯಿರಿ.

ಪ್ರಶ್ನೆ: ನನ್ನ ಹತ್ತಿರ ಡಿಎಸ್ಎಲ್ಆರ್ ಕ್ಯಾಮೆರಾ ಇದೆ. ಇಲ್ಲಿನ ಸಾರಸ್‌ಬಾಗ್ ಪಾರ್ಕಿನಲ್ಲಿ ಮಗಳು ನನ್ನ ಕಡೆಗೆ ಓಡಿಬರುವಾಗ ಹಿಂದಿನ ಮರ ಸ್ಪಷ್ಟ, ಮಗಳು ಮಸುಕು. ಲೆನ್ಸ್ ಕೆಟ್ಟಿದೆಯಾ?
– ಓದುಗರೊಬ್ಬರು, ಪುಣೆ

ಉತ್ತರ: ಲೆನ್ಸ್ ಪಾಪ, ಅದರ ತಪ್ಪಿಲ್ಲ. ನಿಮ್ಮ ಫೋಕಸ್ ಒಂದು ಸಲ ಹಿಡಿದು ಅಲ್ಲೇ ನಿಂತುಬಿಡುವ ಮೋಡ್‌ನಲ್ಲಿರಬೇಕು. ಕ್ಯಾನನ್ ಆದರೆ ಎಐ ಸರ್ವೋ, ನಿಕಾನ್ ಆದರೆ ಎಎಫ್-ಸಿ ಹಾಕಿ, ಮಗು ಹತ್ತಿರ ಬಂದಂತೆ ಫೋಕಸ್ಸೂ ಜೊತೆಗೆ ಬರುತ್ತದೆ. ಫೋಕಸ್ ಚುಕ್ಕೆ ಅವಳ ಮುಖದ ಮೇಲೇ ಇರಲಿ. ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವುದು ಎಫ್ ಸಂಖ್ಯೆ, ಅದು ಚಿಕ್ಕದಾದಷ್ಟೂ ಸ್ಪಷ್ಟವಾಗಿ ಬರುವ ಆಳ ಕಮ್ಮಿ. ಎಫ್ 1.8ರಲ್ಲಿ ಹತ್ತಿರದಿಂದ ತೆಗೆಯುತ್ತಿದ್ದರೆ ಕಣ್ಣಿನ ಮೇಲಿದ್ದ ಫೋಕಸ್ ಕಿವಿಗೆ ಜಾರಲು ಹೆಚ್ಚು ಹೊತ್ತು ಬೇಡ, ಎಫ್ 4ಕ್ಕೆ ತನ್ನಿ. ಶಟರ್ 1/500 ಸೆಕೆಂಡಿಗಿಂತ ನಿಧಾನ ಮಾಡಬೇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ) ಆಟೋ ಇರಲಿ, 1600ಕ್ಕೆ ಹೋದರೂ ಗಾಬರಿ ಬೇಡ. ಮತ್ತೆ ಅಲ್ಲಿ ಸಂಜೆ ಜನ ಜಾಸ್ತಿ, ಯಾರದೋ ಕಾಲು ಅಡ್ಡ ಬಂದೇ ಬರುತ್ತದೆ, ಭಾನುವಾರ ಬೆಳಗ್ಗೆ ಬೇಗ ಹೋಗಿ ನೋಡಿ.