ಮಾನಿಟರ್ ಅಂಗಡಿಯಲ್ಲಿ ನೋಡಿಯೇ ತಗೋಬೇಕಾ, ಆನ್‌ಲೈನಲ್ಲಿ ತರಿಸಿ ಹಿಡಿಸದಿದ್ದರೆ ವಾಪಸ್ ಕಳಿಸಬಹುದಾ?

ತೀರ್ಥಹಳ್ಳಿ ಹತ್ತಿರದ ಊರಲ್ಲಿ ಕೂತು ಅನುವಾದದ ಕೆಲಸ ಮಾಡ್ತೀರಿ, 27 ಇಂಚಿನ ಮಾನಿಟರ್ ಬೇಕು, ಆನ್‌ಲೈನಲ್ಲಿ ತರಿಸಿ ಕಣ್ಣಿಗೆ ಹಿಡಿಸದಿದ್ದರೆ ವಾಪಸ್ ಕಳಿಸುವ ಹಕ್ಕು ಇದೆಯಾ ಅಂತ ಕೇಳಿದ್ದೀರಿ.

ಇಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಶಿವಮೊಗ್ಗಕ್ಕೆ ಬಂದು ನೋಡಿಯೇ ತಗೊಳ್ಳಿ. ಸುಮಾರು 60 ಕಿಲೋಮೀಟರ್ ಬಸ್ಸಿನ ದಾರಿ, ನಿಜ. ಆದರೆ ಆ ಪರದೆಯನ್ನು ನೀವು ದಿನಕ್ಕೆ ಎಂಟು ಗಂಟೆ ನೋಡಬೇಕು, ಅಲ್ವಾ?

ನಾನು ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾಗದ, ಸಂಘದ ವರದಿ, ಸ್ಮರಣ ಸಂಚಿಕೆ, ಎಲ್ಲವೂ ಕನ್ನಡದ್ದೇ. ಮೂರು ವರ್ಷದ ಹಿಂದೆ ನಾನೂ ಆನ್‌ಲೈನಲ್ಲಿ 27 ಇಂಚಿನ ಫುಲ್ ಎಚ್‌ಡಿ ಮಾನಿಟರ್ ತರಿಸಿದೆ. ಚಿತ್ರ ಚೆನ್ನಾಗಿಯೇ ಬಂತು. ಅಕ್ಷರ ಬರಲಿಲ್ಲ. ಧ ಅಕ್ಷರಕ್ಕೆ ಹೊಟ್ಟೆ ಸೀಳಬೇಕು ಅಂತ ಶಾಲೆಯಲ್ಲಿ ಕಲಿತಿದ್ದೇವಲ್ಲ, ಆ ಸೀಳೇ ಸಣ್ಣ ಅಕ್ಷರದಲ್ಲಿ ಕಾಣುತ್ತಿರಲಿಲ್ಲ. ‘ಧನ’ವೂ ‘ದನ’ವೂ ಒಂದೇ ಥರ. ‘ಲಕ್ಷ್ಮಿ’ಯಲ್ಲಿ ಕೆಳಗಿನ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಉಂಡೆಯಾಗಿದ್ದವು. ಕರಡು ತಿದ್ದುವವರಿಗೆ ಇದು ದೊಡ್ಡ ತೊಂದರೆ.

ಕಾರಣ ಸರಳ. ಫುಲ್ ಎಚ್‌ಡಿ ಅಂದರೆ 1920×1080 ಚುಕ್ಕೆ (ಪಿಕ್ಸೆಲ್). 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92 ಚುಕ್ಕೆ ಬರುತ್ತವೆ. ಅಷ್ಟೇ ಚುಕ್ಕೆಗಳನ್ನು 27 ಇಂಚಿಗೆ ಹರಡಿದರೆ ಸುಮಾರು 82ಕ್ಕೆ ಇಳಿಯುತ್ತದೆ. ಅದೇ 27 ಇಂಚಿನಲ್ಲಿ 2560×1440 ಇದ್ದರೆ 109ರ ಹತ್ತಿರ. ಇಂಗ್ಲಿಷ್ ಓದುವವರು 82ರಲ್ಲಿ ಹೇಗೋ ಸುಧಾರಿಸಿಕೊಳ್ಳಬಹುದು. ನಮ್ಮ ಒತ್ತಕ್ಷರಕ್ಕೆ ಅದು ಸಾಲದು. ನಾನು ನೋಡಿದ ರಿವ್ಯೂ ವಿಡಿಯೊಗಳಲ್ಲಿ ಇದನ್ನು ಯಾರೂ ಹೇಳಿರಲಿಲ್ಲ, ಅವರು ಕನ್ನಡ ಓದಿ ನೋಡಿದಂತಿರಲಿಲ್ಲ.

ವಾಪಸ್ ಮಾಡಲು ಹೋದೆ. ‘ಡಿಫೆಕ್ಟ್ ಏನು?’ ಅಂತ ಚಾಟ್‌ನಲ್ಲಿ ಕೇಳಿದರು. ಡಿಫೆಕ್ಟ್ ಇರಲಿಲ್ಲ. ಮಾರುವ ಪುಟದಲ್ಲೇ ‘7 ದಿನದೊಳಗೆ ರಿಪ್ಲೇಸ್‌ಮೆಂಟ್ ಮಾತ್ರ’ ಅಂತ ಬರೆದಿತ್ತು, ನಾನು ಓದಿರಲಿಲ್ಲ. ಪರಿಚಯದವರೊಬ್ಬರು ‘ಗೆರೆ ಬರ್ತಿದೆ ಅಂತ ಸುಳ್ಳು ಹೇಳಿ’ ಅಂದರು. ನನಗೆ ಮನಸ್ಸಾಗಲಿಲ್ಲ.

ಯುರೋಪಿನ ಒಕ್ಕೂಟದ ದೇಶಗಳಲ್ಲಿ ಆನ್‌ಲೈನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ಬೇಡ ಅನ್ನಬಹುದು. ‘ಎರಡು ತರಿಸಿ, ಒಂದು ವಾಪಸ್ ಕಳಿಸಿ’ ಅಂತ ಹೊರಗಿನವರು ಸಲಹೆ ಕೊಡುವುದು ಆ ಧೈರ್ಯದ ಮೇಲೆ. ನಮ್ಮಲ್ಲಿ 2020ರ ಇ-ಕಾಮರ್ಸ್ ನಿಯಮ ಇದೆ. ಅದರ ಪ್ರಕಾರ ವಸ್ತು ಕೆಟ್ಟಿದ್ದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ, ಹೇಳಿದ ದಿನಕ್ಕೆ ಬರದೆ ತಡವಾದರೆ, ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ. ‘ಹಿಡಿಸಲಿಲ್ಲ’ ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಅದು ಮಾರುವವರ ಮರ್ಜಿ.

ಎರಡನೇ ಸಲ ದುರ್ಗಿಗುಡಿಯ ಒಂದು ಅಂಗಡಿಗೆ ಪೆನ್‌ಡ್ರೈವ್ ಹಿಡಿದುಕೊಂಡು ಹೋದೆ. ಡೆಮೊ ಪೀಸ್‌ನಲ್ಲಿ ಹಸಿರು ಕಾಡು, ಜಲಪಾತದ ವಿಡಿಯೊ ಓಡುತ್ತಿತ್ತು. ಅದರಲ್ಲಿ ಎಲ್ಲ ಮಾನಿಟರೂ ಚಂದವೇ. ‘ನನ್ನ ಫೈಲ್ ಹಾಕಿ ತೋರಿಸ್ತೀರಾ?’ ಅಂದೆ. ಹುಡುಗ ಹಾಕಿದ. ಬೆಳಕು ಪೂರ್ತಿ ಏರಿಸಿಟ್ಟಿದ್ದರು, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಷ್ಟಕ್ಕೆ ಇಳಿಸಿದೆ. ಒಂದು ಕುರ್ಚಿ ಕೇಳಿ, ಒಂದು ತೋಳಿನಷ್ಟು ದೂರ ಕೂತು ಒಂದು ಪುಟ ಪೂರ್ತಿ ಓದಿದೆ. ಹತ್ತು ನಿಮಿಷ ಹಿಡಿಯಿತು. ಧ ಕಂಡಿತು, ‘ಲಕ್ಷ್ಮಿ’ ಬಿಡಿಬಿಡಿಯಾಗಿ ಕಂಡಳು. ಆಮೇಲೆ ಮಾಲೀಕರು ‘ಮೇಡಂ, ಸೀಲ್ ಒಡೆದ ಮೇಲೆ ತಗೊಳ್ಳಲೇಬೇಕು’ ಅಂದರು. ‘ತಗೋತೀನಿ, ಪರದೆಯಲ್ಲಿ ಯಾವುದಾದರೂ ಚುಕ್ಕೆ ಬೆಳಗದೆ ಸತ್ತಿದ್ದರೆ ಮಾತ್ರ ಬೇರೆ ಪೀಸ್ ಕೊಡಿ’ ಅಂದೆ. ಒಪ್ಪಿದರು. ಹೊಸ ಪೀಸ್‌ನಲ್ಲಿ ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಪುಟ ಒಂದೊಂದಾಗಿ ಹಾಕಿ ನೋಡಿದೆವು. ಇದನ್ನು ಅಲ್ಲೇ ಮಾಡಿ. ಒಂದೆರಡು ಚುಕ್ಕೆ ಸತ್ತಿದ್ದರೆ ವಾರಂಟಿಯಲ್ಲಿ ಬದಲಿಸದ ಕಂಪನಿಗಳು ಇವೆ.

ಆನ್‌ಲೈನಿಗಿಂತ 900 ರೂಪಾಯಿ ಜಾಸ್ತಿ ಆಯಿತು. ಕೊಟ್ಟೆ. ಅವರ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡಿ, ಆಚೆ ಬಂದು ಮೊಬೈಲಲ್ಲಿ ಆರ್ಡರ್ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ನಿಮಗೆ ಬೇಕಾದ ಮಾಡೆಲ್ ಇಲ್ಲಿ ಸಿಗದಿದ್ದರೆ ಆನ್‌ಲೈನ್ ಅನಿವಾರ್ಯ. ಆಗ ಅದೇ ಗಾತ್ರ, ಅಷ್ಟೇ ಚುಕ್ಕೆ ಇರುವ ಬೇರೆ ಕಂಪನಿಯ ಪೀಸನ್ನಾದರೂ ಇಲ್ಲಿ ನೋಡಿಕೊಳ್ಳಿ. ಆರ್ಡರ್ ಮಾಡುವ ಮೊದಲು ವಾಪಸ್ ಷರತ್ತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ‘ರಿಟರ್ನ್’ ಅಂತ ಇದೆಯಾ, ಬರೀ ‘ರಿಪ್ಲೇಸ್‌ಮೆಂಟ್’ ಅಂತ ಇದೆಯಾ ನೋಡಿ, ಎರಡೂ ಬೇರೆ. ನಿಮ್ಮ ಪಿನ್‌ಕೋಡ್‌ನಿಂದ ವಾಪಸ್ ತಗೊಂಡು ಹೋಗಲು ಬರುತ್ತಾರಾ ಅಂತಲೂ ಕೇಳಿ. ಬಾಕ್ಸ್ ಒಡೆಯುವಾಗ ಶುರುವಿನಿಂದ ಕೊನೆವರೆಗೆ ವಿಡಿಯೊ ಮಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಬಾಕ್ಸ್ ನೆಂದು ಬರುವುದುಂಟು, ನೆಂದಿದ್ದರೆ ಡೆಲಿವರಿ ಹುಡುಗನ ಎದುರಿಗೇ ಫೋಟೊ ತೆಗೆಯಿರಿ. ಥರ್ಮಾಕೋಲ್ ಸಮೇತ ಬಾಕ್ಸನ್ನು ಗಡುವು ಮುಗಿಯುವವರೆಗೆ ಅಟ್ಟದ ಮೇಲೆ ಒಣಗಿದ ಜಾಗದಲ್ಲಿ ಇಡಿ.

ಕೆಟ್ಟ ಪೀಸ್ ಬಂದೂ ವಾಪಸ್ ತಗೊಳ್ಳಲ್ಲ ಅಂದರೆ ಸುಮ್ನೆ ಕೂರಬೇಡಿ. ಆ ತಾಣದ ದೂರು ಅಧಿಕಾರಿಗೆ ಬರೆಯಿರಿ. 48 ಗಂಟೆಯಲ್ಲಿ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು, ಇದೂ ಅದೇ ನಿಯಮದಲ್ಲಿದೆ. ಆಗಲಿಲ್ಲವಾ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ ಇದೆ. ಮಾರಿದವರು ದೆಹಲಿಯಲ್ಲಿದ್ದರೂ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ದೂರಿನ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ.

ಅಂಗಡಿಗೆ ಬರುವಾಗ ನಿಮ್ಮದೇ ಒಂದು ಪುಟ ತನ್ನಿ, ಪಿಡಿಎಫ್ ಮಾಡಿಕೊಂಡು. ನುಡಿ ಫಾಂಟಿನ ವರ್ಡ್ ಫೈಲ್ ತಂದರೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರದೆ ಅಕ್ಷರವೆಲ್ಲ ಕಲಸಿಹೋಗುತ್ತದೆ.